ಕರಿಮೀಸೆ ಭತ್ತದ ಬಾಟಲಿಗಳು

ಬಮ್ಮಿಗಟ್ಟಿಯ ಕರಿಮೀಸೆ ಭತ್ತ ಈಗ ಉಳಿದಿದ್ದು ನಾಗರತ್ನಾ ಊರಿಗೆ ತಂದ ಆರು ಬಾಟಲಿಗಳಲ್ಲಿ ಮಾತ್ರ. ನೀರು ನಿಲ್ಲುವ ಅವಳ ಮನೆಯ ತಗ್ಗಿನ ಗದ್ದೆಗೆ ಬೇರೆ ಭತ್ತ ಒಗ್ಗುತ್ತಿರಲಿಲ್ಲ. ಅಪ್ಪ ಸಾಯುವ ಮೊದಲು ದೇವರ ಜಗಲಿಯ ಮೇಲೆ ಕಟ್ಟಿದ್ದ ತೆನೆಯ ಕಾಳು ಮಣ್ಣಿನಲ್ಲಿ ಮೊಳೆಯಲೇ ಇಲ್ಲ. ಧಾರವಾಡದ ಸಸ್ಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ನಾಗರತ್ನಾ, ಅಲ್ಲಿನ ಮುಖ್ಯಸ್ಥೆ ಮೇಡಂ ಅವರನ್ನು ಕಾಡಿ ಬೇಡಿ, ಉಳಿದ ಕಾಳುಗಳ ಭ್ರೂಣ ಬಿಡಿಸಿ ಧೂಳು ಸೋಕದಂತೆ ಮುಚ್ಚಿದ ಬಾಟಲಿಗಳಲ್ಲಿ, ಪೋಷಕಾಂಶದ ಜೆಲ್ಲಿಯ ಮೇಲೆ ಬೆಳೆಸಿದಳು. ಹಸಿರು ಕಂಡಿತು. ಅಷ್ಟರಲ್ಲಿ ಯೋಜನೆ ಮುಗಿಯಿತೆಂದು ಲ್ಯಾಬು ಮುಚ್ಚಿತು.

ಬಾಟಲಿಗಳನ್ನು ಮನೆಯಲ್ಲಿಟ್ಟು, ಲ್ಯಾಬಿನ ಸಾಮಾನು ಒಪ್ಪಿಸಿ ಬರಲು ಹೊರಟಾಗ ನಾಗರತ್ನಾ ತನ್ನ ಅವ್ವ ಸಾವಂತ್ರೆವ್ವನಿಗೆ ಹೇಳಿದ್ದಳು: “ಯಾರೂ ಮುಟ್ಟಬಾರ್ದು ಬೇ.”

ಸಾವಂತ್ರೆವ್ವ ಮಾತಿಗೆ ತಪ್ಪುವವಳಲ್ಲ. ಬೆಕ್ಕನ್ನು ಓಡಿಸಿದಳು, ನೆರೆಮನೆಯ ನೀಲಕ್ಕನನ್ನು ಬಾಗಿಲಲ್ಲೇ ಮಾತಾಡಿಸಿ ಸಾಗಹಾಕಿದಳು. ಆದರೆ ಮನೆದೇವರು ಬೀರಪ್ಪ ಎಲ್ಲಾದರೂ ಹೊರಗಿನವನಾಗುತ್ತಾನೆಯೇ?

ನಾಲ್ಕು ದಿನ ಬಿಟ್ಟು ಬಂದ ನಾಗರತ್ನಾ ಹೊಸ್ತಿಲಲ್ಲೇ ನಿಂತಳು. ಬಾಟಲಿಗಳು ಬೀರಪ್ಪನ ಮುಂದಿದ್ದವು. ಜೆಲ್ಲಿಯ ಮೇಲೆ ಭಂಡಾರದ ಅರಿಶಿನ ಪುಡಿ, ಅದರ ಮೇಲೆ ಹತ್ತಿಯಂತೆ ಉಬ್ಬಿದ ಬೂಷ್ಟು.

“ಮುಚ್ಚಳ ಯಾರು ತಗದ್ರು ಬೇ?”

“ಮತ್ತ್ಯಾರು, ನಾನಽ. ಭಂಡಾರ ಹಚ್ಚಲಾರ್ದ ನಿಮ್ಮಪ್ಪ ಯಾವತ್ತಾದ್ರೂ ಬೀಜ ಹೊಲಕ್ಕ ಒಯ್ದಾನೇನು? ಒಂದರ ಮುಚ್ಚಳ ಬಾಳ ಬಿಗಿ ಇತ್ತು, ನನ್ನ ಕೈಲೆ ಆಗಲಿಲ್ಲ.”

ನಾಗರತ್ನಾ ಮುಚ್ಚಳ ತೆಗೆದಿದ್ದ ಐದೂ ಬಾಟಲಿಗಳ ಸಸಿಗಳನ್ನು ಎಳೆದು ಅಂಗೈಯಲ್ಲಿ ತೊಳೆದಳು. ಬೆಂದ ಸೊಪ್ಪಿನ ಹಾಗೆ ಕೈಯಲ್ಲೇ ಕರಗಿದವು. ಮೇಡಂಗೆ ಫೋನು ಮಾಡಿದಳು. “ಬೇರೆ ಕಾಳಿದ್ದರೆ ನೋಡೋಣ,” ಎಂದರು ಅವರು. ಇರಲಿಲ್ಲ. ಅವ್ವನಿಗೆ ‘ನೀನೇ ಕೊಂದೆ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಮುಚ್ಚಳ ತೆರೆಯದೆ ಉಳಿದ ಒಂದು ಬಾಟಲಿಯಲ್ಲಿ ಮಾತ್ರ ಕೂದಲೆಳೆಯಷ್ಟು ಬೇರು ಇಳಿದಿತ್ತು.

ಸಾವಂತ್ರೆವ್ವ ಭಂಡಾರದ ಬಟ್ಟಲು ಹಿಡಿದು ಬಂದಳು. “ಆ ಬಿಗಿ ಮುಚ್ಚಳದ್ದು ನೀನಽ ತಗಿ. ಪಾಪ, ಅದಕ್ಕೊಂದಕ್ಕ ದೇವರ ಭಂಡಾರ ಸಿಕ್ಕಿಲ್ಲ.”

ನಾಗರತ್ನಾ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದು ಹಣೆ ಬಾಗಿಸಿದಳು. “ನನಗ ಹಚ್ಚು ಬೇ.”

ಅವ್ವ ಹಣೆ ತುಂಬ ಹಚ್ಚಿದಳು. ಮತ್ತೆ ಒಂದು ಚಿಟಿಕೆ ತೆಗೆದು, “ಈಗ ಅದಕ್ಕ,” ಎಂದು ಕೈ ಚಾಚಿದಳು.

ಇನ್ನು ಮುಚ್ಚಿಡಲು ದಾರಿ ಇರಲಿಲ್ಲ. “ಭಂಡಾರ ಹಚ್ಚಿದ್ವು ಅಷ್ಟೂ ಸತ್ತಾವು ಬೇ. ಅದು ಬಿದ್ದಿದ್ದಕ್ಕಽ ಸತ್ತಾವು.”

ಚಾಚಿದ ಕೈ ಅಲ್ಲೇ ನಿಂತಿತು. ಸಾವಂತ್ರೆವ್ವ ಖಾಲಿ ಬಾಟಲಿಗಳನ್ನು ನೋಡಿದಳು, ಬೀರಪ್ಪನನ್ನು ನೋಡಿದಳು. ಆಮೇಲೆ ಬೆರಳುಗಳನ್ನು ಸೆರಗಿಗೆ ಒರೆಸತೊಡಗಿದಳು. ಎಷ್ಟು ಒರೆಸಿದರೂ ಹಳದಿ ಹೋಗಲಿಲ್ಲ.

“ಅದೊಂದನ್ನ,” ಎಂದಳು ಕೊನೆಗೆ, “ನನ್ನ ಕೈಗೆ ಸಿಗದಂಗ ಇಡು.”