ನೂರಕ್ಕೆ ಮೂವತ್ತು

ಮಂಚದ ತುದಿಯಲ್ಲಿ ಉಣ್ಣೆಯ ಕಾಲುಚೀಲ ಹಾಕಿದ ಎರಡು ಪಾದಗಳು ತಾಳ ಹಾಕುತ್ತಿವೆ, ಹಾಕಲಿ, ತಾಳ ಹಾಕುವ ಮನುಷ್ಯ ಚೆನ್ನಾಗಿಯೇ ಇರುತ್ತಾನೆ, ಎಂದುಕೊಂಡಳು ತೂಲಿಕ್ಕಿ ಗಾಜಿನ ಈಚೆ ನಿಂತು, ಎಂಟಕ್ಕೆ ಮಾತ್ರೆ ನುಂಗಿದ್ದಾನೆ ಓನ್ನಿ, ಕುವೋಪಿಯೋದ ಬೀದಿಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸುವವನು, ಇಲಿಗಳಾದ ಮೇಲೆ ಈ ಔಷಧ ನುಂಗಿದ ಮೊದಲ ಮನುಷ್ಯ, ನುಂಗುವ ಮುಂಚೆ ನಕ್ಕಿದ್ದ — ನೀವೇನಾ ಲೆಕ್ಕ ಹಾಕಿದ್ದು, ನನ್ನ ಹೊಟ್ಟೆ ನನ್ನ ಹೆಂಡ್ತಿಗೇ ಅರ್ಥ ಆಗಿಲ್ಲ — ಅವಳೂ ನಕ್ಕಿದ್ದಳು, ಲೆಕ್ಕ ಹಾಕಿದ್ದು ತಾನಲ್ಲ, ಸಾಕಿದ್ದು ಮಾತ್ರ, ಕಂಪ್ಯೂಟರಿನೊಳಗೆ ಸಾವಿರ ಸೂತ್ರಗಳನ್ನು ಬಿಟ್ಟು, ಹಳೆಯ ಔಷಧಗಳ ಬಗ್ಗೆ ಸರಿಯಾಗಿ ಹೇಳಿದವನ್ನು ಜೋಡಿ ಮಾಡಿ, ತಪ್ಪಿದವನ್ನು ಸಾಯಿಸಿ, ನಾನೂರು ತಲೆಮಾರು, ಕೊನೆಗೆ ಉಳಿದ ಒಂದು ಸೂತ್ರ ಹೇಳಿತು, ಈ ಹೊಸ ಔಷಧದಲ್ಲಿ ನೂರಕ್ಕೆ ಮೂವತ್ತು ಪಾಲು ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಹೇಗೆ ಗೊತ್ತು ಎಂದರೆ ಹೇಳದು, ಅದರ ಅರ್ಧ ಮೈ ಅವಳಿಗೇ ಓದಲಾಗದು, ಅದನ್ನೇ ನಂಬಿ ಸಭೆ ಸೇರಿ ಮಾತ್ರೆಯ ತೂಕ ಗೊತ್ತುಮಾಡಿದರು, ಆ ಸಭೆಯಲ್ಲಿ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ, ಎಲ್ಲರೂ ಬೆನ್ನು ತಟ್ಟುತ್ತಿದ್ದರು — ಒಂಬತ್ತಕ್ಕೆ ತೆಗೆದ ರಕ್ತದ ಫಲಿತಾಂಶ ಈಗ ಕೈಯಲ್ಲಿದೆ, ಮೂವತ್ತಲ್ಲ, ಎಪ್ಪತ್ತರ ಲೆಕ್ಕ, ಮುಖ್ಯಸ್ಥ ಸೆಪ್ಪೊ ಭುಜದ ಮೇಲಿಂದ ಬಗ್ಗಿ ನೋಡಿ, ರಕ್ತ ನೋಡೋ ಯಂತ್ರ ತಪ್ಪಿರ್ಬೇಕು ತೂಲಿಕ್ಕಿ, ಇನ್ನೊಂದ್ಸಲ ನೋಡೋಣ, ಅಷ್ಟಕ್ಕೆ ಯಾಕೆ ಬೆವರ್ತೀಯ, ಆದರೆ ಪಾದಗಳು ನಿಂತಿವೆ, ಯಾವಾಗ ನಿಂತವು, ದಾದಿ ಮರ್ಯಾ ನಾಡಿ ಎಣಿಸಿ ಹೇಳುತ್ತಿದ್ದಾಳೆ, ಐವತ್ತು, ನಲವತ್ತಾರು, ಎದೆಬಡಿತ ತಗ್ಗಿಸುವ ಔಷಧವೇ ಅದು, ತಗ್ಗಿಸುತ್ತಿದೆ, ಪಕ್ಕದ ಮಂಚದಲ್ಲಿ ಎರಡನೆಯವಳು, ಕೆಂಚು ಕೂದಲಿನವಳು, ಹತ್ತಕ್ಕೆ ಅವಳ ಸರದಿ, ಅಂಗೈಯಲ್ಲಿ ಆಗಲೇ ಮಾತ್ರೆ, ಬಾಗಿಲು ತಳ್ಳಿ ಒಳಗೆ ಹೋದದ್ದು ತನ್ನ ಕಾಲುಗಳೇ, ಕೊಡ್ಬೇಡಿ ಅವಳಿಗೆ, ಸೂತ್ರ ತಪ್ಪು, ನನಗದು ಅರ್ಥಾನೇ ಆಗಿರ್ಲಿಲ್ಲ, ಆವತ್ತೇ ಹೇಳ್ಬೇಕಿತ್ತು — ಕೆಂಚು ಕೂದಲಿನವಳು ಮಾತ್ರೆಯನ್ನು ತಟ್ಟೆಗೆ ಹಾಕಿ ಕೈ ಒರೆಸಿಕೊಂಡಳು, ವೈದ್ಯೆ ಓಡಿಬಂದಳು, ಸೂಜಿ, ನಲವತ್ತು, ಮೂವತ್ತೆಂಟು, ಕೈ ತಣ್ಣಗಾಗ್ತಿದೆ ಕಣಮ್ಮ ಅನ್ನುತ್ತಾನೆ ಓನ್ನಿ, ತೂಲಿಕ್ಕಿ ಆ ಕೈ ಹಿಡಿದಳು, ಉಗುರುಗಳು ನೀಲಿ, ಮೂವತ್ತೇಳು, ನೀಲಿ ಉಗುರು, ಮೂವತ್ತೇಳು, ಮೂವತ್ತೇಳು, ಮೂವತ್ತೊಂಬತ್ತು, ನಲವತ್ತೈದು, ಏರ್ತಿದೆ ಎಂದಳು ಮರ್ಯಾ, ಉಳ್ಕೊಂಡ ಎಂದಳು ವೈದ್ಯೆ, ಈಗ ಐವತ್ತೆರಡು, ಓನ್ನಿ ಕಾಫಿ ಕೇಳುತ್ತಿದ್ದಾನೆ, ಕೈ ಬೆಚ್ಚಗಿದೆ, ಬಣ್ಣ ಬಂತು ನೋಡು ಅನ್ನುತ್ತಾರೆ ಎಲ್ಲರೂ, ಇನ್ನು ಕೈ ಬಿಡು ಅನ್ನುತ್ತಾರೆ, ತೂಲಿಕ್ಕಿ ನೋಡುತ್ತಾಳೆ, ಹೆಬ್ಬೆರಳು, ಅದರ ಉಗುರು, ನೀಲಿ, ಉಗುರು, ನೀಲಿ