ಗುರುವಾರ ಸಂಜೆ ಐದರೊಳಗೆ

ಅಥವಾ, ಮರೆತುಬಿಟ್ಟೆ ಎಂದರೆ? ಮೊನ್ನೆ ಒಂದು ಫೋನ್ ಬಂದಿತ್ತು, ಗಡಿಬಿಡಿಯಲ್ಲಿ ಹೇಳುವುದು ಮರೆತೇಹೋಯಿತು ಎಂದರೆ? ಆದರೆ ಅದು ಬಂದದ್ದು ಮೊನ್ನೆಯಲ್ಲ, ಒಂಬತ್ತು ದಿನಗಳ ಹಿಂದೆ. ಅಂಥ ಫೋನನ್ನು ಮರೆಯುವವನು ಎಂಥ ಮನುಷ್ಯ? ಮರೆತೆ ಎನ್ನುವುದಕ್ಕಿಂತ ಸುಳ್ಳನಾಗುವುದೇ ಮೇಲು.

ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕನ್ನಡಿಯ ಮುಂದೆ ನಿಂತೇ ಇದ್ದ. ನಲ್ಲಿಯಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಹರಿಯಲಿ. ಇಲ್ಲಿನ ಬಾಡಿಗೆಯಲ್ಲಿ ಎಲ್ಲವೂ ಸೇರಿದೆ.

ದತ್ತು ಕೇಂದ್ರದ ಹೆಂಗಸು ವಿಷಯವನ್ನು ಬಿಡಿಸಿಯೇ ಹೇಳಿದ್ದಳು. ನಾಲ್ಕು ವರ್ಷ ಕಾದ ಸರದಿ ಬಂದಿದೆ, ಹೆಣ್ಣು ಮಗು. ಮುಂದಿನ ವಾರ ಗುರುವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ತಿಳಿಸದಿದ್ದರೆ ಕಡತ ಮುಂದಿನ ದಂಪತಿಗೆ ಹೋಗುತ್ತದೆ. ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದಿದ್ದ. ಮನೆಯಲ್ಲಿ ಮಾತಾಡುವ ಬದಲು ಮಾರನೆಯ ದಿನ ಈ ರೆಸಾರ್ಟಿನಲ್ಲಿ ಕೋಣೆ ಕಾದಿರಿಸಿದ. ತಿಂಡಿ, ಊಟ, ಈಜು, ಆಟ, ಎಲ್ಲ ಸೇರಿ ಮೂರು ದಿನ. ಕಾದು ಕಾದು ಸೋತಿದ್ದೀಯ, ಸ್ವಲ್ಪ ಹಗುರಾಗು ಎಂದಾಗ ಹೆಂಡತಿಯ ಕಣ್ಣು ತುಂಬಿತ್ತು.

ಬೇಡ ಎನ್ನಲು ಅವನಿಗೆ ಕಾರಣವಿರಲಿಲ್ಲ. ಬೇಕು ಎನ್ನಲೂ ಇರಲಿಲ್ಲ. ಅವಳು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತ ಬಂದಿದ್ದ. ಸರದಿ ಎಂಬುದು ನಿಜಕ್ಕೂ ಬಂದುಬಿಡುತ್ತದೆ ಎಂದು ಎಣಿಸಿರಲಿಲ್ಲ.

ಇವತ್ತು ಗುರುವಾರ.

ತಿಂಡಿಯ ಹಾಲ್‌ನಲ್ಲಿ ಖಾಲಿ ತಟ್ಟೆ ಹಿಡಿದು ಸಾಲು ಪಾತ್ರೆಗಳ ಮುಂದೆ ಎರಡು ಸುತ್ತು ಹಾಕಿದ. ಹಿಂದೆ ನಿಂತವರು ಗೊಣಗಿ ಮುಂದೆ ಹೋದರು. ಕೊನೆಗೆ ಹೆಂಡತಿಯೇ ಎದ್ದುಬಂದು ಅವನ ತಟ್ಟೆಗೆ ಏನೇನೋ ಹಾಕಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಅವಳ ತಟ್ಟೆಯ ಪಕ್ಕ, ಚಮಚ ಇಡುವ ಜಾಗದಲ್ಲಿ, ಫೋನು ಅಂಗಾತ ಮಲಗಿತ್ತು.

ಪಕ್ಕದ ಮೇಜಿನಲ್ಲಿ, ಇಲ್ಲೇ ಪರಿಚಯವಾಗಿದ್ದ ನಿವೃತ್ತ ನರ್ಸಮ್ಮ ಗಂಡನ ಮೇಲೆ ರೇಗುತ್ತಿದ್ದರು.

"ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂತ ಬೆಳಿಗ್ಗೆಯಿಂದ ಬಡ್ಕೋತಿದೀನಿ. ಜೇಬಲ್ಲಿಟ್ಕೊಂಡು ತಿರುಗ್ತಾರೆ. ಜೇಬಿಗೇನು ಕಿವಿ ಇದೆಯಾ?"

ಹೆಂಡತಿ ನಕ್ಕಳು. "ನಮ್ಮವರ ಕೆಲಸವೇ ಅದು ಅಮ್ಮಾ. ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡ್ತಾರೆ."

"ಹಾಗಾದ್ರೆ ನೀವೇ ಹೇಳಿ ಸಾರ್. ಇವರಿಗೆ ಕೇಳ್ಸಲ್ವೋ, ಕೇಳಿಸ್ಕೊಳ್ಳಲ್ವೋ?"

"ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ," ಎಂದ.

ಮುದುಕ ಯಾವುದಕ್ಕೂ ಸಂಬಂಧವಿಲ್ಲದಂತೆ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ. ಶಬ್ದ ಕೇಳಿಸಿದರೆ ಬಟನ್ ಒತ್ತಬೇಕಾದ ಪರೀಕ್ಷೆಯಲ್ಲಿ, ಕೇಳಿಸದೆಯೂ ನಾಚಿಕೆಯಿಂದ ಒತ್ತುವವರನ್ನು ಅವನು ಆಸ್ಪತ್ರೆಯಲ್ಲಿ ದಿನಾ ನೋಡುತ್ತಾನೆ. ಕೇಳಿಸಿಯೂ ಒತ್ತದವರು ಅಪರೂಪ. ಅವರು ಬೇಗ ಸಿಕ್ಕಿಬೀಳುತ್ತಾರೆ. ಅದೇ ಶಬ್ದವನ್ನು ಎರಡನೆಯ ಸಲ ಹಾಕಿದರೆ ಸಾಕು, ಮೊದಲ ಉತ್ತರಕ್ಕೂ ಎರಡನೆಯದಕ್ಕೂ ತಾಳೆಯಾಗುವುದಿಲ್ಲ.

ಮಕ್ಕಳೆಷ್ಟು ಎಂದು ನರ್ಸಮ್ಮ ಕೇಳಿದರು. ಅವನು ಲೋಟ ಎತ್ತಿಕೊಂಡ.

"ಒಂದು," ಎಂದಳು ಹೆಂಡತಿ. "ಬರೋದಿದೆ."

ನರ್ಸಮ್ಮನ ನೋಟ ಅವಳ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತು, ಮುಖಕ್ಕೆ ಬಂತು. ಅಷ್ಟು ವರ್ಷ ವಾರ್ಡುಗಳಲ್ಲಿ ಓಡಾಡಿದವರು, ಮತ್ತೇನೂ ಕೇಳದೆ ಅವಳ ಕೈ ಒತ್ತಿದರು. ಮನೆಯಲ್ಲಿ ಅದಕ್ಕೆ ಇದ್ದದ್ದು 'ಆ ವಿಷಯ' ಎಂಬ ಹೆಸರು ಮಾತ್ರ. ಒಂದು, ಬರೋದಿದೆ. ಊರಿನಿಂದ ಹೊರಟ ಬಸ್ಸಿನ ಬಗ್ಗೆ ಹೇಳಿದ ಹಾಗೆ.

ಮಧ್ಯಾಹ್ನ ಇಬ್ಬರೂ ಈಜುಕೊಳದ ಪಕ್ಕದ ಉದ್ದ ಕುರ್ಚಿಗಳಲ್ಲಿ ಮಲಗಿದ್ದರು. ಸಮವಸ್ತ್ರದವರು ಬಂದು ಬಂದು ಇನ್ನೇನು ಬೇಕು ಎಂದು ವಿಚಾರಿಸುತ್ತಿದ್ದರು. ಏನೂ ಬೇಡ ಎಂದರೆ ಅವರ ಮುಖ ಸಣ್ಣಗಾಗುತ್ತಿತ್ತು.

"ನಾನೇ ಒಂದ್ಸಲ ಫೋನ್ ಮಾಡ್ಲಾ?"

"ಯಾರಿಗೆ?"

"ಯಾರಿಗೆ ಅಂದ್ರೆ?"

ಅವನು ಕನ್ನಡಕ ಒರೆಸಿದ. "ಅವರೇ ಮಾಡ್ತಾರೆ. ಪೀಡಿಸಿದ್ರೆ ಚೆನ್ನಾಗಿರಲ್ಲ."

"ಫಾರಂನಲ್ಲಿ ಮೊದಲು ನಿಮ್ಮ ನಂಬರೇ ಇರೋದು. ನಿಮಗೇನೂ ಬಂದಿಲ್ಲ ತಾನೆ?"

"ಬಂದಿದ್ರೆ ಹೇಳ್ತಿರ್ಲಿಲ್ವಾ?"

ಅದೂ ಸುಳ್ಳಲ್ಲ, ಬರೀ ಪ್ರಶ್ನೆ ಎಂದು ಅವನ ಬುದ್ಧಿ ಅಲ್ಲೇ ಲೆಕ್ಕ ಹಾಕಿತು. ಹೆಂಡತಿ ತಲೆಯಾಡಿಸಿ ಕಣ್ಣು ಮುಚ್ಚಿದಳು. ಅವಳು ನಂಬಿದ್ದು ಅವನಿಗೆ ಸಿಟ್ಟು ತರಿಸಿತು.

ಎದ್ದು ಹೋದ. ಕೋಣೆಗೆ ಹೋಗುತ್ತೇನೆ ಎಂದವನು ಬೇರೆ ಯಾವುದೋ ಮಹಡಿ ಹತ್ತಿದ. ಒಂದೇ ಕಂದು ಬಣ್ಣದ ಬಾಗಿಲುಗಳು, ಒಂದೇ ನೀಲಿ ಜಮಖಾನ. ತನ್ನದೆಂದುಕೊಂಡ ಬಾಗಿಲಿಗೆ ಕಾರ್ಡ್ ತೋರಿಸಿದರೆ ಕೆಂಪು ದೀಪ. ಒಳಗಿನಿಂದ ಯಾರೋ, ಯಾರದು, ಎಂದರು. ಅವನು ಇಳಿದು ಬಂದು ಮೆಟ್ಟಿಲ ಮೇಲೆ ಕೂತ. ಮೂರೂ ಮುಕ್ಕಾಲು. ಯೋಚಿಸಿದರೆ ಆಗುವುದಿಲ್ಲವೆಂದು ಯೋಚಿಸದೆಯೇ ದತ್ತು ಕೇಂದ್ರದ ನಂಬರು ಒತ್ತಿದ.

"ಹಲೋ," ಎಂದಳು ಅದೇ ಹೆಂಗಸು. "ಹಲೋ? ಹೇಳಿ. ಕೇಳಿಸ್ತಾ ಇದೆಯಾ?"

ಚೆನ್ನಾಗಿ ಕೇಳಿಸುತ್ತಿತ್ತು. ಅವಳ ಹಿಂದೆ ಯಾರೋ ಕುರ್ಚಿ ಎಳೆದದ್ದು, ಎಲ್ಲೋ ಸ್ಟೀಲಿನ ಲೋಟ ಬಿದ್ದದ್ದು, ಆಮೇಲೆ ಒಂದು ಮಗು ನಕ್ಕದ್ದು. ಯಾವ ಮಗುವೋ. ಅವಳು ಮೂರನೆಯ ಸಲ ಹಲೋ ಎನ್ನುವ ಮೊದಲು ಕಟ್ ಮಾಡಿ, ಫೋನನ್ನೇ ಆರಿಸಿದ.

ಹಿಂತಿರುಗಿದಾಗ ನಾಲ್ಕೂವರೆ ದಾಟಿತ್ತು. ಕೊಳದಲ್ಲಿ ಆಟ ಶುರುವಾಗಿತ್ತು. ತರಬೇತುದಾರ ಸೀಟಿ ಊದಿ ಎಲ್ಲರನ್ನೂ ಎದೆಮಟ್ಟದ ನೀರಿಗೆ ಕರೆಯುತ್ತಿದ್ದ. ಹೆಂಡತಿ ಫೋನನ್ನು ಟವೆಲಿನಲ್ಲಿ ಸುತ್ತಿ ಕುರ್ಚಿಯ ಮೇಲಿಟ್ಟಳು.

"ಇವತ್ತೂ ಬರಲ್ಲ ಬಿಡಿ," ಎಂದಳು. "ಒಂದರ್ಧ ಗಂಟೆ ನಾನೂ ಎಲ್ಲರ ಹಾಗೆ ಇರ್ತೀನಿ. ಬನ್ರೀ."

ಇಪ್ಪತ್ತು ಮಂದಿ ಕೈ ಕೈ ಹಿಡಿದು ದುಂಡಗೆ ನಿಂತರು. ಅವನ ಒಂದು ಕೈ ನರ್ಸಮ್ಮನಿಗೆ, ಇನ್ನೊಂದು ಗುರುತಿಲ್ಲದವರೊಬ್ಬರಿಗೆ ಹೋಯಿತು. ಹೆಂಡತಿ ಸರಿಯಾಗಿ ಎದುರಿಗೆ, ಕಿವುಡು ಮುದುಕನ ಕೈ ಹಿಡಿದಿದ್ದಳು. ನಡೆಯಿರಿ, ಎಂದ ತರಬೇತುದಾರ. ಎಲ್ಲರೂ ಒಂದೇ ದಿಕ್ಕಿಗೆ ನಡೆದರು. ಮೊದಮೊದಲು ನೀರು ಎದೆಗೆ ಅಡ್ಡ ನಿಂತಿತು. ಐದಾರು ಸುತ್ತು ಆಗುವಷ್ಟರಲ್ಲಿ ಅದೂ ತಿರುಗತೊಡಗಿತು. ಗೋಡೆಯ ಗಡಿಯಾರ ಐದಕ್ಕೆ ನಾಲ್ಕು ನಿಮಿಷ ತೋರಿಸುತ್ತಿತ್ತು.

"ಕೇಳಿಲ್ಲಿ," ಎಂದ.

ಗದ್ದಲದಲ್ಲೂ ಅವಳಿಗೆ ಕೇಳಿಸಿತು. "ಏನ್ರೀ?"

ಅವಳ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕು ವರ್ಷದಲ್ಲಿ ಅವಳ ಮುಖ ಇಷ್ಟು ಹಗುರಾಗಿ ಕಂಡದ್ದಿಲ್ಲ.

"ಏನಿಲ್ಲ."

ಸೀಟಿ ಮತ್ತೆ ಕೂಗಿತು. ಈಗ ಕಾಲೆತ್ತಿ, ಸುಮ್ಮನಿರಿ, ಎಂದ ತರಬೇತುದಾರ. ಎಲ್ಲರೂ ಕಾಲೆತ್ತಿದರು. ತಾವೇ ತಿರುಗಿಸಿದ ನೀರು ಅವರನ್ನೆಲ್ಲ ಹೊತ್ತುಕೊಂಡು ತಿರುಗತೊಡಗಿತು. ಸುತ್ತಲೂ ನಗು. ಅವನು ಕಾಲೂರಲು ನೋಡಿದ. ನುಣ್ಣನೆಯ ನೆಲ ಪಾದದಡಿಯಿಂದ ಜಾರಿಹೋಯಿತು. ಗಡಿಯಾರ ಬಂತು, ಹೋಯಿತು, ಐದು ದಾಟಿಸಿಕೊಂಡು ಮತ್ತೆ ಬಂತು. ಎಷ್ಟು ಸುತ್ತಾದರೂ ಹೆಂಡತಿ ಎದುರಿಗೇ ಇದ್ದಳು, ಅಷ್ಟೇ ದೂರದಲ್ಲಿ.

ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು, ಯಾರು ಕರೆದರೂ ಬರುತ್ತದೆ, ಎಂದು ದತ್ತು ಕೇಂದ್ರದ ಹೆಂಗಸು ಆ ಮೊದಲ ಫೋನಿನಲ್ಲೇ ಹೇಳಿದ್ದಳು. ಅದನ್ನು ಅವನು ಹೆಂಡತಿಗೆ ಎಂದೂ ಹೇಳಲಿಲ್ಲ.