ಪಟ್ಟಿ ಇಟ್ಟುಕೊಂಡವರು

“ನೋಡಬೇಕು ಅಂದ್ಕೊಂಡಿದ್ದನ್ನೇ ಕಣ್ಣು ನೋಡುತ್ತಮ್ಮ,” ಎಂದರು ಅಂಜನ್‌ಕುಮಾರ್. ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಗೆಂದು ತುಮಕೂರಿಗೆ ಬಂದಿದ್ದ ಹೊರಗಿನ ಪರೀಕ್ಷಕರು. ಅವರು ಒಪ್ಪದಿದ್ದರೆ ಐದು ವರ್ಷದ ಕೆಲಸ ವಾಪಸ್ ಬರುತ್ತಿತ್ತು.

ನನ್ನ ವಾದ ಚಿಕ್ಕದು. ಕರುಳಿನ ಜೀವಕೋಶದೊಳಗೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು ನ್ಯೂಕ್ಲಿಯಸ್ಸಿನ ಸುತ್ತ ಬಲೆಯಂತೆ ಹೆಣೆದುಕೊಂಡಿರುತ್ತವೆ. ಕರುಳು ಹಿಂಡುತ್ತದೆ, ಹಿಗ್ಗುತ್ತದೆ; ಎಳೆಗಳ ಆಸರೆಯಲ್ಲಿ ನ್ಯೂಕ್ಲಿಯಸ್ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಕೆರಾಟಿನ್ ಇಲ್ಲದಂತೆ ಮಾಡಿದ ಕೋಶಗಳಲ್ಲಿ ಅದು ನೆಗ್ಗಿಹೋಗಿತ್ತು. ಸೂಕ್ಷ್ಮದರ್ಶಕದಡಿ ಅರವತ್ತು ಸ್ಲೈಡುಗಳಲ್ಲಿ ನೆಗ್ಗಿದ್ದನ್ನೆಲ್ಲ ಎಣಿಸಿದ್ದೆ.

“ಯಾವ ಸ್ಲೈಡಲ್ಲಿ ಎಳೆ ಇದೆ, ಯಾವುದರಲ್ಲಿ ಇಲ್ಲ ಅಂತ ಎಣಿಸುವಾಗ ನನಗೆ ಗೊತ್ತಿರಲಿಲ್ಲ ಸರ್. ಹೆಸರಿನ ಮೇಲೆ ಕಾಗದ ಅಂಟಿಸಿ ಬರೀ ನಂಬರ್ ಹಾಕಿತ್ತು. ಪಟ್ಟಿ ಬೇರೆಯವರ ಹತ್ತಿರ ಇತ್ತು.”

“ಯಾರ ಹತ್ತಿರ?”

“ನಮ್ಮತ್ತೆ ಹತ್ತಿರ.”

ಯಾರೋ ನಕ್ಕರು. ಎಣಿಕೆಯ ಹೊತ್ತಿಗೆ ಲ್ಯಾಬಿನಲ್ಲಿದ್ದ ವಿದ್ಯಾರ್ಥಿ ನಾನೊಬ್ಬಳೇ. ನನ್ನ ಗಂಡ ರವೀಶ್ ಗುಬ್ಬಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅತ್ತೆ ಅಮೃತೂರಿನಿಂದ ಬಂದು ನನ್ನ ಜೊತೆ ಇದ್ದರು. ಒಂದು ಭಾನುವಾರ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಕಾಗದ ಅಂಟಿಸಿ ನಂಬರ್ ಹಾಕಿ ಪಟ್ಟಿ ಬರೆಯುವ ಕೆಲಸ ಹೇಳಿಕೊಟ್ಟಿದ್ದೆ.

“ಮನೆಯವರೇ ಅಂದ್ಮೇಲೆ, ಕೇಳಿದ್ರೆ ಕೊಡ್ತಿದ್ರಲ್ಲ?”

ಕೊನೆಯ ಸಾಲಿನಲ್ಲಿ ಕುಳಿತಿದ್ದ ಅತ್ತೆ ಎದ್ದು ನಿಂತರು. “ಕೇಳಿದ್ಲು ಸ್ವಾಮಿ. ಮೂರ್ ಸಲ ಕೇಳಿದ್ಲು.”

ಅದು ನಿಜ. ಎಣಿಕೆ ಅರ್ಧವಾದಾಗ ನನಗೆ ಸಾಕಾಗಿತ್ತು. ಸರಿ ದಾರಿಯಲ್ಲಿದ್ದೇನೆಯೇ ಎಂದು ಒಮ್ಮೆ ನೋಡಬೇಕೆನಿಸಿತ್ತು.

“ಕೊಟ್ರಾ?”

“ಯಾಕ್ ಕೊಡ್ಲಿ? ಎಣಿಸಿ ಮುಗಿಯೋಗಂಟ ನಾನ್ ಕೇಳಿದ್ರೂ ಕೊಡ್ಬ್ಯಾಡಿ ಅಂತ ಇವ್ಳೇ ಹೇಳಿದ್ದು. ನೆಟ್ಟಗಿದ್ದಾಗ ಹೇಳಿದ್ ಮಾತ್ ಹಿಡೀಲಾ, ಸುಸ್ತಾದಾಗ ಹೇಳಿದ್ ಮಾತ್ ಹಿಡೀಲಾ?”

“ಸೊಸೆ ಕೋಪ ಮಾಡ್ಕೊಳ್ಲಿಲ್ವಾ?”

“ಎರಡ್ ದಿನ ಮಾತ್ ಬುಟ್ಟಿದ್ಲು. ಅದೇನ್ ಬುಡಿ, ಇವ್ಳು ಮಾತಾಡೋದೇ ಅಷ್ಟು. ಮಾತ್ ಬುಟ್ಟವ್ಳೆ ಅಂತ ನಂಗ್ ಗೊತ್ತಾಗಿದ್ದೇ ಮೂರ್ನೇ ದಿನ.”

ಅಂಜನ್‌ಕುಮಾರ್ ಕೂಡ ನಕ್ಕರು. ಪಟ್ಟಿ ತೋರಿಸಿ ಎಂದರು. ಪ್ರಬಂಧದ ಕೊನೆಗೆ ಲಗತ್ತಿಸಿದ್ದ ಪುಟ ತೆರೆದುಕೊಟ್ಟೆ. ಎಳೆ ಇದ್ದುದಕ್ಕೆ ಸೊನ್ನೆ, ಇಲ್ಲದ್ದಕ್ಕೆ ಗುಣಾಕಾರದ ಗುರುತು. ಎಲ್ಲವೂ ಅತ್ತೆಯ ಕೈಬರಹ. ನನ್ನ ಎಣಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಪರೀಕ್ಷಕರು ಅರವತ್ತನ್ನೂ ಹೋಲಿಸಿ ನೋಡಿದರು. ಅತ್ತೆ ನಿಂತೇ ಇದ್ದರು.

“ಒಪ್ಪಿದೆ,” ಎಂದರು ಅಂಜನ್‌ಕುಮಾರ್. ಒಂದೇ ಒಂದು ತಿದ್ದುಪಡಿ ಹೇಳಿದರು: ಪಟ್ಟಿ ಯಾರ ಬಳಿ ಇತ್ತೆಂದು ವಿಧಾನದ ಅಧ್ಯಾಯದಲ್ಲಿ ಹೆಸರು ಹಾಕಬೇಕು.

ಅಂದೇ ಸಂಜೆ ಆ ಸಾಲನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅತ್ತೆಗೆ ಕನ್ನಡದಲ್ಲಿ ಹೇಳಿದೆ: “ಎಣಿಕೆ ಮುಗಿಯುವವರೆಗೆ ಸ್ಲೈಡುಗಳ ಗುರುತಿನ ಪಟ್ಟಿ ಅಮೃತೂರಿನ ಲಕ್ಷ್ಮೀದೇವಮ್ಮ ಅವರ ವಶದಲ್ಲಿತ್ತು.”

ಅತ್ತೆ ಇನ್ನೊಂದು ಸಲ ಹೇಳಿಸಿಕೊಂಡರು.

“ಕುಣಿಗಲ್ ತಾಲ್ಲೂಕು ಅಂತಾನೂ ಹಾಕು ಕಣೇ. ಬರೀ ಅಮೃತೂರು ಅಂದ್ರೆ ಓದೋರ್ಗೆ ಎಲ್ ಗೊತ್ತಾಗುತ್ತೆ?”

ಹಾಕಿದೆ.